ಸೋಮವಾರ, ಕೆಂಪುಕೋಟೆಯ ಮುಂದೆ

ನಮ್ಮ ಅತ್ತಿಯವರು ಇಪ್ಪತ್ತೆಂಟು ವರ್ಷ ರಾಷ್ಟ್ರಧ್ವಜ ಹೊಲಿದರು. ಬೇರೆ ಊರಿನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ನಮ್ಮ ಹುಬ್ಬಳ್ಳಿಯವರಿಗೆ ಹೇಳಿದರೆ, ಅದರಲ್ಲೇನು ಹೊಸದು ಅನ್ನುತ್ತಾರೆ. ಇಲ್ಲಿಯ ಬೆಂಗೇರಿಯಲ್ಲಿ ಖಾದಿಯ ಧ್ವಜ ತಯಾರಾಗುತ್ತದೆ, ಇಲ್ಲಿಂದಲೇ ಎಲ್ಲೆಲ್ಲಿಗೋ ಹೋಗುತ್ತದೆ, ದಿಲ್ಲಿಯ ಕೆಂಪುಕೋಟೆಯ ಮೇಲೆ ಏರುವುದೂ ಇಲ್ಲಿಯದೇ. ಅತ್ತಿಯವರು ಮುಂಜಾನೆ ಜಳಕ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿ, ರೊಟ್ಟಿಯ ಬುತ್ತಿ ಕಟ್ಟಿಕೊಂಡು ನಡೆದೇ ಹೋಗುತ್ತಿದ್ದರು. ನಾನು ಸೊಸೆಯಾಗಿ ಬಂದ ಮೊದಲ ವಾರ, ಇವರು ದಿನಾ ಯಾವುದೋ ಗುಡಿಗೆ ಹೋಗುತ್ತಾರೆ ಅಂತಲೇ ತಿಳಿದಿದ್ದೆ. ಆ ನಡಿಗೆಯೇ ಹಾಗಿತ್ತು.

ನಮ್ಮ ಮನೆಯವರು ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ ಮೇಲೆ ಕೆಲಸ ಮಾಡುತ್ತಾರೆ. ಯಾರಾದರೂ ಕೇಳಿದರೆ "ನಮ್ಮವ್ವ ಹೊಲಿಗಿ ಕೆಲಸಕ್ಕ ಹೋಗತಾಳ್ರಿ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಕೀಳಾಗಿ ಅಂದದ್ದಲ್ಲ. ಮನೆಯ ಮಂದಿಯ ಕೆಲಸ ಮನೆಯವರಿಗೆ ದೊಡ್ಡದಾಗಿ ಕಾಣುವುದಿಲ್ಲ, ಅಷ್ಟೇ.

ಅತ್ತಿಯವರಿಗೆ ಒಂದೇ ಒಂದು ಆಸೆ ಉಳಿದಿತ್ತು. ಹೊಲಿದ ಧ್ವಜವನ್ನು ಮಡಚಿ ಪಾರ್ಸಲ್ ಕಟ್ಟಿದರೆ ಮುಗಿಯಿತು, ಅದು ಯಾವ ಊರಿಗೆ ಹೋಯಿತು, ಯಾವ ಕಂಬ ಏರಿತು ಅಂತ ಹೊಲಿದವರಿಗೆ ತಿಳಿಯುವುದಿಲ್ಲ. ಆಗಸ್ಟ್ ಹದಿನೈದಕ್ಕೆ ಟಿವಿ ಮುಂದೆ ಕೂತು ಕೆಂಪುಕೋಟೆ ನೋಡುತ್ತಿದ್ದರು. ಧ್ವಜ ಬಿಚ್ಚಿಕೊಂಡು ಒಂದು ಗಳಿಗೆಯಾಗುವುದರಲ್ಲಿ ಕ್ಯಾಮರಾ ಕೆಳಗಿಳಿದು ಭಾಷಣ ಮಾಡುವವರ ಮುಖದ ಕಡೆ ಹೋಗುತ್ತಿತ್ತು. "ಏ, ಮಾರಿ ಸಾಕು, ಮ್ಯಾಲ ತೋರಸ್ರೋ!" ಅಂತ ಟಿವಿಯನ್ನೇ ಬೈಯುತ್ತಿದ್ದರು. ಒಮ್ಮೆ ಅಲ್ಲಿಗೇ ಹೋಗಿ, ಕತ್ತೆತ್ತಿ, ಕಣ್ಣು ತುಂಬ ನೋಡಬೇಕು ಅನ್ನುವುದೇ ಆ ಆಸೆ.

ಕೆಲಸ ಬಿಟ್ಟು ನಾಲ್ಕು ವರ್ಷವಾಗಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೋದ ದೀಪಾವಳಿ ಮುಂದೆ ಬಲಗಣ್ಣಿನ ಆಪರೇಶನ್ ಆಯಿತು. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವರೇ ದೇವರ ಗೂಡಿನ ಮುಂದೆ ನಿಂತು, "ಯವ್ವಾ, ಈ ದೀಪದ ಕುಡಿ ಇಷ್ಟ ಸಣ್ಣದು ಐತೇನ? ನನಗ ಇಷ್ಟ ದಿನ ಪಂಜು ಆಗಿ ಕಾಣತಿತ್ತು" ಅಂದರು. ನಾನು ಶಿವನಿಗೆ ಕೈಮುಗಿದೆ. ಒಂದು ಕಣ್ಣು ತಿರುಗಿ ಕೊಟ್ಟಿದ್ದಾನೆ, ಅದು ಮಬ್ಬಾಗುವುದರೊಳಗೆ ಇವರಿಗೆ ದಿಲ್ಲಿ ತೋರಿಸಬೇಕು ಅಂತ ಅಂದೇ ಹಟ ಹಿಡಿದೆ.

ಶಿವರಾತ್ರಿ ಮುಗಿದ ಮೇಲೆ ಹೊರಟೆವು. ನಾವು ಮೂರೇ ಮಂದಿ: ಅತ್ತಿಯವರು, ನಮ್ಮ ಮನೆಯವರು, ನಾನು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಸಿಹಿ ಮಾದ್ಲಿ ಕಟ್ಟಿಕೊಂಡೆ. ಹುಬ್ಬಳ್ಳಿ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ ಎಷ್ಟು ಉದ್ದ ಅಂತ ಎಲ್ಲರಿಗೂ ಗೊತ್ತು. ನಮ್ಮ ಬೋಗಿ ಆ ತುದಿಗೆ ಬಂತು. ಚೀಲ ಹೊತ್ತುಕೊಂಡು ನಡೆದೂ ನಡೆದೂ ಅತ್ತಿಯವರು ನಿಂತರು. "ಅರ್ಧಾ ದಿಲ್ಲಿ ಇಲ್ಲೇ ನಡದ ಮುಗಸಿದ್ವಿ ಬಿಡು. ಉಳದಿದ್ದಕ್ಕಷ್ಟ ಟಿಕೆಟ್ ತೊಗೊಂಡಿದ್ರ ಆಗತಿತ್ತು."

ಯಾವ ದಿನ ಏನು ನೋಡುವುದು ಅಂತ ಬರೆದವಳು ನಾನು. ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಬರೆದಿದ್ದೆ. ಶನಿವಾರ ಮುಂಜಾನೆ ತಲುಪುತ್ತೇವೆ, ಸೋಮವಾರ ಸಂಜೆ ತಿರುಗಿ ರೈಲು. ನಮ್ಮ ಮನೆಯವರು, "ಕೆಂಪುಕೋಟೆ ಲಾಡ್ಜಿಗೆ ಸಮೀಪ ಐತಿ, ಹೋದ ದಿನಾನ ನೋಡಿ ಬಿಡೂಣು" ಅಂದರು. ನಾನು ಒಪ್ಪಲಿಲ್ಲ. ರೈಲಿನಿಂದ ಇಳಿದ ಮೈಲಿಗೆಯಲ್ಲಿ ಅದನ್ನು ನೋಡುವುದೇ? ಶನಿವಾರ ಬೇಡ. ರವಿವಾರ ಗದ್ದಲ. ಸೋಮವಾರ ಶಿವನ ವಾರ, ನಾವು ಯಾವ ಒಳ್ಳೆಯ ಕೆಲಸವನ್ನೂ ಅವತ್ತೇ ಹಿಡಿಯುವವರು. ಏಳೂವರೆಯಿಂದ ಒಂಬತ್ತರ ತನಕ ರಾಹುಕಾಲ, ಅದು ಕಳೆದ ಮೇಲೆ ಹೋದರೆ ಆಯಿತು. ಕ್ಯಾಲೆಂಡರಿನ ಮುಂಭಾಗದಲ್ಲಿ ಇದ್ದದ್ದನ್ನೆಲ್ಲ ನೋಡಿದೆ. ಕೋಟೆಗೂ ಒಂದು ಕ್ಯಾಲೆಂಡರ್ ಇರುತ್ತದೆ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ.

ದಿಲ್ಲಿ ದೊಡ್ಡ ಊರು, ಹೌದು. ಇಂಡಿಯಾ ಗೇಟಿನ ಮುಂದಿನ ರಸ್ತೆ ನೋಡಿ ನನಗೆ ಮೊದಲು ಬಂದ ವಿಚಾರ, ಇದನ್ನು ದಿನಾ ಯಾರು ಕಸ ಹೊಡೆಯುತ್ತಾರೋ ಶಿವನೇ ಅಂತ. ಕಮಾನಿನ ಮೇಲೆ ಕೆತ್ತಿದ ಸಿಪಾಯಿಗಳ ಹೆಸರುಗಳನ್ನು ನಮ್ಮ ಮನೆಯವರು ಬೆರಳು ತೋರಿಸಿ ಓದಲು ನೋಡಿದರು. ಅಷ್ಟೂ ಮಂದಿಯ ತಾಯಂದಿರನ್ನು ನೆನೆದು ನಾನು ಕೈಮುಗಿದೆ. ಕುತುಬ್ ಮಿನಾರ್ ಬುಡದಲ್ಲಿ ನಿಂತಾಗ ಸೆರಗು ಜಾರುವಷ್ಟು ಕತ್ತು ಎತ್ತಬೇಕಾಯಿತು. ಅಲ್ಲೇ ಅಂಗಳದಲ್ಲಿರುವ ಅಷ್ಟು ಹಳೆಯ ಕಬ್ಬಿಣದ ಕಂಬಕ್ಕೆ ತುಕ್ಕಿಲ್ಲ ಅಂತ ಕೇಳಿ ನಮ್ಮ ಮನೆಯವರು ಹತ್ತು ನಿಮಿಷ ಅದರ ಸುತ್ತ ಸುತ್ತಿದರು. ಕಬ್ಬಿಣದ ಜೊತೆ ಬಾಳುವೆ ಮಾಡುವ ಮನುಷ್ಯ.

ಅತ್ತಿಯವರು ಮಾತ್ರ ಯಾವ ಕಟ್ಟಡವನ್ನೂ ಬುಡದಿಂದ ನೋಡಲಿಲ್ಲ. ಆಟೋ ನಿಂತರೆ ಮೊದಲು ಕಣ್ಣು ಮೇಲಕ್ಕೆ. ರಾಷ್ಟ್ರಪತಿ ಭವನದ ಕಡೆ ಹೋಗುವ ರಸ್ತೆಯಲ್ಲಿ ಸರಕಾರಿ ಕಟ್ಟಡಗಳ ಮೇಲೆ ಒಂದಲ್ಲ ಎರಡಲ್ಲ, ಎಷ್ಟೋ ಧ್ವಜ. ಎಲ್ಲವೂ ದೂರ, ಎಲ್ಲವೂ ಸಣ್ಣವು. "ಅದು ಆರು ಫೂಟಿನ ಸೈಜು. ಇದು ಒಂಬತ್ತರದು. ಏ ಅಲ್ಲಿ ನೋಡು, ಅದರ ಅಂಚು ಬಿಚ್ಚೇತಿ, ಗಾಳಿಗೆ. ಲಗೂ ಇಳಸಬೇಕು ಅದನ್ನ" ಅಂತ ನಮ್ಮೂರ ದುರ್ಗದಬೈಲಿನ ಪೇಟೆಯಲ್ಲಿ ಸೀರೆ ಆರಿಸಿದ ಹಾಗೆ ಆರಿಸುತ್ತ ನಡೆದರು.

ಇಂಡಿಯಾ ಗೇಟಿನ ಹತ್ತಿರ ಒಬ್ಬ ಹೆಣ್ಣುಮಗಳು ಸಣ್ಣ ಕೈಧ್ವಜ ಮಾರುತ್ತಿದ್ದಳು. ಅತ್ತಿಯವರು ಒಂದನ್ನು ತೆಗೆದುಕೊಂಡು ಹೊಸ ಕಣ್ಣಿನ ಹತ್ತಿರ ಹಿಡಿದು ಎಣಿಸತೊಡಗಿದರು. "ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು... ಯವ್ವಾ ತಂಗಿ, ಚಕ್ರಕ್ಕ ಎರಡ ಕಡ್ಡಿ ಕಡಿಮಿ ಅದಾವಲ್ಲ! ಇಪ್ಪತ್ನಾಲ್ಕು ಇರಬೇಕು." ಆಕೆಗೆ ಕನ್ನಡ ಬಾರದು, ಇವರಿಗೆ ಹಿಂದಿ ಬಾರದು. ಆಕೆ ನಗುತ್ತ ಇನ್ನೊಂದು ಕೊಟ್ಟಳು. ಇವರು ಅದನ್ನೂ ಎಣಿಸಿದರು. ನಮ್ಮ ಮನೆಯವರು ಹಣೆ ಒತ್ತಿಕೊಂಡು, "ಅವ್ವಾ, ಇಲ್ಲೇನು ನಿನಗ ಪಗಾರ ಕೊಡಂಗಿಲ್ಲ, ಸುಮ್ಕ ನಡಿ" ಅಂದರು.

ರವಿವಾರ ಸಂಜೆ ಲಾಡ್ಜಿಗೆ ತಿರುಗಿ ಬರುವಾಗ ಆಟೋ ಕೆಂಪುಕೋಟೆಯ ಮುಂದೆಯೇ ಹಾಯ್ದಿತು. ಸಂಜೆಯ ಗಾಳಿ ಜೋರಾಗಿತ್ತು. "ಅವ್ವಾ, ಬಂತ ನೋಡು, ಕೋಟೆ! ಧ್ವಜ ಎಷ್ಟ ಛಲೋ ಹಾರಾಕತ್ತೈತಿ" ಅಂತ ನಮ್ಮ ಮನೆಯವರು ಕೂಗಿದರು. ನಾನು ಅಡ್ಡ ಬಾಯಿ ಹಾಕಿದೆ. "ನೋಡಬ್ಯಾಡ್ರಿ ಅತ್ತಿ, ಈಗ ಬ್ಯಾಡ. ಇಡೀ ದಿನಾ ತಿರುಗಿ ಬಂದೇವಿ, ಉಂಡ ಬಾಯಿ. ನಾಳೆ ಜಳಕಾ ಮಾಡಿ, ಪೂಜಿ ಮಾಡಿ, ಉಪವಾಸದಾಗ ನೋಡೂಣ್ರಿ." ಅತ್ತಿಯವರು ಸೆರಗು ಮುಂದೆ ಎಳೆದುಕೊಂಡು ಮುಖ ಈ ಕಡೆ ತಿರುಗಿಸಿದರು. ಕೋಟೆ ದಾಟುವ ತನಕ ಹಾಗೇ ಕೂತಿದ್ದರು. ಅವರು ನನ್ನ ಮಾತು ಕೇಳಿದ್ದಕ್ಕೆ ನನಗೆ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಸೋಮವಾರ ಮುಂಜಾನೆ ಅತ್ತಿಯವರು ನನಗಿಂತ ಮೊದಲು ಎದ್ದಿದ್ದರು. ಲಾಡ್ಜಿನ ಕೋಣೆಯಲ್ಲಿ ಟವೆಲ್ ಹಾಸಿ ಪೂಜೆ ಮಾಡಿದರು. ಕೆಲಸ ಬಿಟ್ಟ ದಿನ ಉಟ್ಟಿದ್ದ ಇಳಕಲ್ ಸೀರೆ ಉಟ್ಟರು. ಆಪರೇಶನ್ ಆದ ಮೇಲೆ ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡರು. ರಾಹುಕಾಲ ಕಳೆದ ಮೇಲೆ ಕೆಳಗಿಳಿದು ಆಟೋ ಕರೆದೆವು.

"ಲಾಲ್ ಕಿಲಾ? ಆಜ್ ಬಂದ್ ಹೈ" ಅಂದ ಆಟೋದವನು.

ನಮ್ಮ ಮನೆಯವರು ನನ್ನ ಕಡೆ ನೋಡಿ ಕಣ್ಣು ಹೊಡೆದರು. ತಾರಿಹಾಳದ ಗೆಳೆಯರು ಇದನ್ನೇ ಹೇಳಿ ಕಳಿಸಿದ್ದರು: ದಿಲ್ಲಿಯ ಆಟೋದವರು ಅದು ಬಂದ್, ಇದು ಬಂದ್ ಅಂತ ಹೇಳಿ ಅಂಗಡಿಗಳಿಗೆ ಒಯ್ಯುತ್ತಾರೆ, ನಂಬಬೇಡ. "ನಮಗ ಗೊತ್ತೈತಿ ಭಾಯಿ, ನಾವೂ ಹುಬ್ಬಳ್ಳಿಯವರ. ನೀ ನಡಿ" ಅಂದರು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ. ಅವನು ಭುಜ ಕುಣಿಸಿ ಗಾಡಿ ಬಿಟ್ಟ. ಎರಡನೆಯ ಸಲವೂ ಹೇಳಿದ. ಇವರು ಎರಡನೆಯ ಸಲವೂ ನಕ್ಕರು.

ಖರೇ ಹೇಳಿದವನು ಅವನೇ ಆಗಿದ್ದ.

ಕೋಟೆಯ ಮುಂದೆ ಕಬ್ಬಿಣದ ಅಡ್ಡಗಟ್ಟೆ. ಸಾಲಿಲ್ಲ, ಗದ್ದಲವಿಲ್ಲ. ಅಲ್ಲಿ ನಿಂತಿದ್ದ ಪಹರೆಯ ಹೆಣ್ಣುಮಗಳು ಕೈ ಅಲ್ಲಾಡಿಸಿದಳು. ಪ್ರತಿ ಸೋಮವಾರ ಕೋಟೆ ಬಂದ್, ನಾಳೆ ಬನ್ನಿ ಅಂದಳು. ನಾಳೆ ನಾವು ಎಲ್ಲೋ ಅರ್ಧ ದಾರಿಯಲ್ಲಿ ಇರುವವರು.

ನಮ್ಮ ಮನೆಯವರು ನನ್ನ ಕಡೆ ತಿರುಗಿದರು. "ತೊಗೊ. ನಿನ್ನ ಸೋಮವಾರ."

"ನನಗೇನ್ರಿ ಗೊತ್ತು? ಶಿವನ ವಾರಕ್ಕ ಬಾಗಲಾ ಹಾಕ್ಕೊಂಡ ಕುಂದರತಾರ ಅಂತ..."

"ಶನಿವಾರ ತೆರದಿತ್ತು, ರವಿವಾರ ತೆರದಿತ್ತು. ನಿನ್ನೆ ಮಾರಿ ಮುಂದ ಹಾರತಿತ್ತು, ನೀ ಅವ್ವನ ಮಾರಿ ತಿರುಗಿಸಿದಿ!"

ಅತ್ತಿಯವರಿಗೆ ಇದೊಂದೇ ಆಸೆ, ಅದನ್ನು ನಾನೇ, ದೇವರ ಹೆಸರು ಹೇಳಿ, ಹಾಳು ಮಾಡಿದ್ದೆ. ಅತ್ತಿಯವರ ಮುಖ ನೋಡುವ ಧೈರ್ಯ ಆಗಲಿಲ್ಲ.

ಅತ್ತಿಯವರು ನಮ್ಮ ಜಗಳ ಕೇಳುತ್ತಲೇ ಇರಲಿಲ್ಲ. "ಎಲ್ಲೆ ಐತಿ?" ಅಂದರು.

ದೂರದಲ್ಲಿ, ದೊಡ್ಡ ಬಾಗಿಲಿನ ಮೇಲೆ, ಕೆಂಪು ಗೋಡೆಗಳ ನೆತ್ತಿಯಲ್ಲಿ ಕಂಬ ಇತ್ತು. ಧ್ವಜವೂ ಇತ್ತು. ಆದರೆ ಗಾಳಿಯ ಸುಳಿವಿರಲಿಲ್ಲ. ಒದ್ದೆ ಪಂಚೆಯ ಹಾಗೆ ಕಂಬಕ್ಕೆ ಸುತ್ತಿಕೊಂಡು ಜೋತುಬಿದ್ದಿತ್ತು. ಬಣ್ಣ ಕೂಡ ಸರಿಯಾಗಿ ಬೇರೆ ಮಾಡಲು ಬರುತ್ತಿರಲಿಲ್ಲ.

"ಅದು ಬಿಚ್ಚಿಕೊಳ್ಳೂ ತನಾ ನಾ ಇಲ್ಲಿಂದ ಏಳಂಗಿಲ್ಲ" ಅಂತ ಅತ್ತಿಯವರು ಫುಟ್‌ಪಾತಿನ ಕಟ್ಟೆಯ ಮೇಲೆ ಕೂತೇ ಬಿಟ್ಟರು.

"ಅವ್ವಾ, ಬಿಸಲ ಐತಿ. ಸಂಜಿಗೆ ರೈಲು. ಇಲ್ಲಿಂದ ಏನ ಕಾಣತೈತಿ ನಿನಗ, ಅಷ್ಟ ದೂರದಾಗ?"

"ರೈಲು ಸಂಜಿಗಿ. ಈಗಿನ್ನೂ ಮುಂಜಾನೆ. ನೀ ಬೇಕಾದ್ರ ಚಾ ಕುಡದ ಬಾ."

ನಾನು ಅವರ ಪಕ್ಕದಲ್ಲಿ ಕೂತೆ. ಮನಸ್ಸಿನಲ್ಲಿ ಪಂಚಾಕ್ಷರಿ ಜಪ ಶುರು ಮಾಡಿದೆ. ಅಪ್ಪಾ ಶಿವನೇ, ನಿನ್ನ ವಾರ ಅಂತ ನಂಬಿ ಬಂದೆ. ಬಾಗಿಲು ತೆಗೆಸು ಅಂತ ಕೇಳುವುದಿಲ್ಲ. ಒಂದು ಸುಳಿ ಗಾಳಿ ಕೊಡು.

ಒಂದು ತಾಸು ಕೂತಿದ್ದೆವು. ಆ ಒಂದು ತಾಸಿನಲ್ಲಿ ಅತ್ತಿಯವರು ತಮ್ಮ ಕೆಲಸದ ಬಗ್ಗೆ ಆಡಿದಷ್ಟು ಮಾತನ್ನು ನಾನು ಅವರ ಬಾಯಲ್ಲಿ ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. ಮೂರು ಬಣ್ಣದ ಪಟ್ಟಿ ಕೂಡಿಸಿ ಹೊಲಿಯುವುದನ್ನು ಯಾರಾದರೂ ಕಲಿತಾರು, ಕಷ್ಟ ಇರುವುದು ಚಕ್ರದಲ್ಲಿ ಅಂದರು. ನೀಲಿ ಚಕ್ರವನ್ನು ಬಿಳಿ ಬಟ್ಟೆಯ ಎರಡೂ ಮಗ್ಗುಲಿಗೆ ಬೇರೆ ಬೇರೆ ಅಚ್ಚು ಹಾಕುತ್ತಾರಂತೆ. ಈ ಕಡೆಯ ಚಕ್ರದ ಮೇಲೆ ಆ ಕಡೆಯದು ಗೆರೆಗೆ ಗೆರೆ ಕೂತಿರಬೇಕು. ಒಂದು ಎಳೆಯಷ್ಟು ಸರಿದರೂ ಆ ಬಟ್ಟೆ ಧ್ವಜಕ್ಕೆ ಬರುವುದಿಲ್ಲ, ತೆಗೆದು ಇಡಬೇಕು.

"ಅದನ್ನ ಹೆಂಗ ನೋಡತೀರಿ ಅತ್ತಿ?"

"ಕಿಡಕಿಗೆ ಹಿಡದು ನೋಡಬೇಕು. ಬೆಳಕ ಹಿಂದ ಇರಬೇಕು, ಬಟ್ಟಿ ನಡಕ, ನಾವು ಈ ಕಡೆ. ಕೂಡಿದ್ರ ಒಂದ ಚಕ್ರ ಕಾಣತೈತಿ. ಕೂಡಲಿಲ್ಲಂದ್ರ ಒಂದರ ಹಿಂದ ಒಂದು ನೆರಳ ಬಿದ್ದಂಗ ಮಬ್ಬ ಕಾಣತೈತಿ. ಹೊಸಾ ಹುಡುಗ್ಯಾರ ಬಂದ್ರ ಅವರನ್ನ ಮೊದಲ ಕಿಡಕಿ ಮುಂದ ನಿಂದರಸತಿದ್ದೆ. ಹೊಲಿಗಿ ಆಮ್ಯಾಲ ಕಲೀರಿ, ನೋಡೂದ ಮೊದಲ ಕಲೀರಿ ಅಂತ."

ನಮ್ಮ ಮನೆಯವರು ಚಹಾ ಕುಡಿದು ಬಂದು ಅಲ್ಲೇ ನಿಂತಿದ್ದರು. ಅವರೂ ಕೇಳುತ್ತಿದ್ದರು. ಲೇತ್ ಮಷಿನ್ನಿನ ಮನುಷ್ಯನಿಗೆ ಒಂದು ಎಳೆ ಸರಿಯುವುದು ಅಂದರೇನು ಅಂತ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೂ ಬಾಯಿ ಸುಮ್ಮನಿರಲಿಲ್ಲ. "ಅವ್ವಾ, ಖರೇ ಹೇಳಬೇಕಂದ್ರ ಈ ಧ್ವಜ ನೀ ಹೊಲದಿದ್ದಲ್ಲ. ನೀ ಬಿಟ್ಟ ನಾಕ ವರ್ಷ ಆತು. ಅಷ್ಟ ದಿನಾ ಬಾಳಿಕಿ ಬರಂಗಿಲ್ಲ ಬಟ್ಟಿ."

ನನಗೆ ಸಿಟ್ಟು ಬಂತು. ಅತ್ತಿಯವರಿಗೆ ಬರಲಿಲ್ಲ. "ಗೊತ್ತೈತಿ. ಹೊಲದಾಕಿ ನಾ ಅಲ್ಲ. ಹೊಲದಾಕಿನ್ನ ಕಿಡಕಿ ಮುಂದ ನಿಂದರಿಸಿದಾಕಿ ನಾ. ಹೆಂಗ ಹೊಲದಾಳ ಅಂತ ನೋಡಾಕ ಬಂದೇನಿ."

ಆಮೇಲೆ ಗಾಳಿ ಬಂತು.

ಮೊದಲು ನಮ್ಮ ಕಾಲ ಹತ್ತಿರದ ಕಾಗದ ಸರಿಯಿತು. ಮೇಲೆ ಬಟ್ಟೆಯ ತುದಿ ಒಂದು ಸಲ ಎತ್ತಿ ಬಿದ್ದಿತು, ಇನ್ನೊಂದು ಸಲ ಎತ್ತಿತು, ಮೂರನೆಯ ಸಲ ಪೂರ್ತಿ ಬಿಚ್ಚಿಕೊಂಡು ನಿಂತಿತು. ಅತ್ತಿಯವರು ಎದ್ದು ನಿಂತರು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು, ಬಲಗಣ್ಣಿನಿಂದ ಕಪ್ಪು ಕನ್ನಡಕದೊಳಗಿಂದ ನೋಡಿದರು. ಆಗ ನನಗೆ ತಿಳಿಯಿತು: ಸೂರ್ಯ ಕೋಟೆಯ ಹಿಂದಿನ ಕಡೆ ಇದ್ದ. ಮುಂಜಾನೆಯ ಬಿಸಿಲು ಧ್ವಜದ ಬೆನ್ನಿನಿಂದ ಹಾಯ್ದು ನಮ್ಮ ಕಡೆ ಬರುತ್ತಿತ್ತು. ಕೇಸರಿ ಹೊತ್ತಿಕೊಂಡ ಹಾಗೆ ಇತ್ತು, ಹಸಿರು ಎಳೆಯ ಬಾಳೆಯ ಎಲೆಯ ಹಾಗೆ. ನಡುವೆ ಬಿಳಿಯಲ್ಲಿ ನೀಲಿ ಚಕ್ರ. ಬೆಳಕು ಹಿಂದೆ, ಬಟ್ಟೆ ನಡುವೆ, ಅತ್ತಿಯವರು ಈ ಕಡೆ. ಬಾಗಿಲು ತೆರೆದಿದ್ದರೆ ನಾವು ಆಗಲೇ ಒಳಗೆ ಹೋಗಿ ಕಂಬದ ಬುಡದಲ್ಲೋ ಅದರ ಹಿಂದೆಯೋ ಎಲ್ಲೋ ಇರುತ್ತಿದ್ದೆವು. ರವಿವಾರ ಸಂಜೆ ನೋಡಿದ್ದರೆ ಸೂರ್ಯ ನಮ್ಮ ಬೆನ್ನಿಗೆ ಇರುತ್ತಿದ್ದ.

ನನಗೆ ಅಷ್ಟು ದೂರದಿಂದ ಒಂದು ನೀಲಿ ಬೊಟ್ಟು ಕಂಡಿತು, ಅಷ್ಟೇ. ಅತ್ತಿಯವರು ಮಾತ್ರ ತುಟಿ ಬಿಗಿಹಿಡಿದು, ಉಸಿರು ಬಿಡದೆ ನೋಡಿದರು. ಮನೆಯಲ್ಲಿ ಅಕ್ಕಿ ಆರಿಸುವಾಗಲೂ ಅವರ ಮುಖ ಹಾಗೇ ಇರುತ್ತದೆ.

"ಕೂಡೇತಿ" ಅಂದರು. "ಒಂದ ಚಕ್ರ. ಕೂಡೇತಿ."

ಇಷ್ಟು ಹೇಳಿ ಎರಡೂ ಕೈ ಎತ್ತಿ ಮುಗಿದರು. ಧ್ವಜಕ್ಕೋ, ಸೂರ್ಯನಿಗೋ, ಅದನ್ನು ಹೊಲಿದ ಹೆಣ್ಣುಮಗಳಿಗೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ನಾನೂ ಕೈಮುಗಿದೆ.

ಪಹರೆಯ ಹೆಣ್ಣುಮಗಳು ಇಷ್ಟು ಹೊತ್ತು ನಮ್ಮನ್ನು ನೋಡುತ್ತಲೇ ಇದ್ದಳು. ಹತ್ತಿರ ಬಂದು, ತಾಯಿಗೆ ಏನಾಯಿತು ಅಂತ ಹಿಂದಿಯಲ್ಲಿ ಕೇಳಿದಳು. ಹುಷಾರಿಲ್ಲ ಅಂತ ತಿಳಿದಿರಬೇಕು. ಉತ್ತರ ಕೊಟ್ಟವರು ನಮ್ಮ ಮನೆಯವರು. ಎದೆ ಸೆಟೆಸಿ, ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ, ಮೇಲೆ ಬೆರಳು ತೋರಿಸಿ, "ಏ ಝಂಡಾ ಹೈ ನಾ, ಏ ಹಮಾರೀ ಮಾ ಬನಾತೀ ಹೈ" ಅಂದರು. ಹೊಲಿಗೆ ಕೆಲಸ ಅನ್ನಲಿಲ್ಲ. ಈಗ ತಾನೇ ಇದು ನಿನ್ನದಲ್ಲ ಅಂದ ಬಾಯಿ ಅದು! ಅತ್ತಿಯವರು ನನ್ನ ಕಡೆ ನೋಡಿದರು, ನಾನು ಅವರ ಕಡೆ. ಇಬ್ಬರೂ ತಿದ್ದಲಿಲ್ಲ.

ಆಕೆ ಮೇಲೆ ನೋಡಿದಳು, ಅತ್ತಿಯವರನ್ನು ನೋಡಿದಳು. ಎಲ್ಲಿ ಮಾಡುತ್ತಾರೆ ಅಂತ ಕೇಳಿದಳು. ಹುಬ್ಬಳ್ಳಿ ಅಂದರು. ಅದು ಎಲ್ಲಿದೆ ಅಂತ ಕೇಳಿದಳು.

ಅಷ್ಟು ಹಿಂದಿ ಅತ್ತಿಯವರಿಗೂ ಅರ್ಥವಾಯಿತು. "ಹುಬ್ಬಳ್ಳಿ ಎಲ್ಲೆ ಐತಿ ಅಂತ ಕೇಳತಾಳಲ್ಲೋ! ದಿನಾ ಇದರ ಬುಡಕ ನಿಂದರತಾಳ, ಹುಬ್ಬಳ್ಳಿ ಗೊತ್ತಿಲ್ಲಂತ! ಹೇಳು, ಒಂದ ಸಲ ಬಾ ಅಂತ ಹೇಳು. ರೊಟ್ಟಿ ಮಾಡಿ ಹಾಕತೇನಿ."

ನಮ್ಮ ಮನೆಯವರು ಅದನ್ನು ಹಿಂದಿಗೆ ತಿರುಗಿಸುವುದರಲ್ಲಿ ಗಾಳಿ ನಿಂತಿತು. ಧ್ವಜ ಮತ್ತೆ ಕಂಬ ಅಪ್ಪಿಕೊಂಡಿತು. ಆಗ ಅವರಿಗೆ ನೆನಪಾಗಿ ನನ್ನ ಫೋನ್ ಇಸಕೊಂಡು ಫೋಟೋ ಹೊಡೆದರು. ಇನ್ನೊಂದು ಸಲ ಗಾಳಿ ಬರಲಿ ಅಂತ ಕಾಯುತ್ತೇನೆ ಅಂದರು. ಅತ್ತಿಯವರೇ, "ಸಾಕು ಬಾರೋ, ಆತು" ಅಂತ ಚೀಲ ಎತ್ತಿಕೊಂಡರು. ಉಪವಾಸದ ಹೊಟ್ಟೆಯಲ್ಲಿ ನಮ್ಮಿಬ್ಬರಿಗಿಂತ ಮುಂದೆ ನಡೆದರು.

ಊರಿಗೆ ಬಂದ ಮೇಲೆ ನಾನು ದೇವರ ಮುಂದೆ ಕೂತು ಒಂದೊಂದೇ ನೆನೆಸಿಕೊಂಡೆ. ಆಪರೇಶನ್ ಕೂಡಿ ಬಂತು. ರೈಲಿನಲ್ಲಿ ಕೆಳಗಿನ ಸೀಟು ಸಿಕ್ಕಿತು. ಅತ್ತಿಯವರ ಮೊಣಕಾಲು ದಿಲ್ಲಿಯಲ್ಲಿ ಒಂದು ದಿನವೂ ಕಾಡಲಿಲ್ಲ. ಕೋಟೆಯ ಬಾಗಿಲು ಮುಚ್ಚಿತ್ತು. ಅದನ್ನೂ ಶಿವ ಕೊಟ್ಟದ್ದರ ಪಟ್ಟಿಯಲ್ಲೇ ಸೇರಿಸಿದೆ. ನಮ್ಮ ಮನೆಯವರು ಇದನ್ನು ಒಪ್ಪುವುದಿಲ್ಲ, ನಿನ್ನ ತಪ್ಪನ್ನ ಶಿವನ ಹೆಗಲಿಗೆ ಹಾಕಬ್ಯಾಡ ಅನ್ನುತ್ತಾರೆ. ಇರಲಿ.

ಮರುವಾರ ನಾನು ಅತ್ತಿಗೆಯ ಸಲಿಗೆಯಿಂದ ವೈನಿ ಅನ್ನುವ ಓಣಿಯ ಹೆಣ್ಣುಮಗಳೊಬ್ಬರು ಪ್ರವಾಸದ ಸುದ್ದಿ ಕೇಳಲು ಬಂದರು. ಅತ್ತಿಯವರು ನನ್ನ ಫೋನ್ ಇಸಕೊಂಡು ಆ ಫೋಟೋ ತೋರಿಸಿದರು. ಕೆಂಪು ಗೋಡೆ, ಒಂದು ಕಂಬ, ಕಂಬಕ್ಕೆ ಸುತ್ತಿದ ಒಂದು ಅರಿವೆ. ವೈನಿ ಫೋನನ್ನು ಹಿಂದೆ ಮುಂದೆ ಮಾಡಿ ನೋಡಿದರು, ಬೆರಳಿನಿಂದ ಎಳೆದು ದೊಡ್ಡದು ಮಾಡಿ ನೋಡಿದರು.

"ಇದರಾಗ ಏನೂ ಕಾಣವಲ್ದಲ್ರಿ ಅತ್ತಿಯಾರ. ಚಕ್ರನೂ ಕಾಣವಲ್ದು."

"ನಿನಗ ಕಾಣವಲ್ದಂದ್ರ ನಾ ಏನ ಮಾಡ್ಲೆವಾ?" ಅಂದರು ಅತ್ತಿಯವರು, ಫೋನ್ ತಿರುಗಿ ಇಸಕೊಳ್ಳುತ್ತ. "ನಾ ನೋಡೇನಿ."